ಆಸ್ಟಿಯಾಯ್ಡ್ ಆಸ್ಟಿಯೋಮ: ಸಿಟಿಯಲ್ಲಿ ಹುಡುಕಿ, ಸೂಜಿಯಿಂದ ಸುಡುವುದನ್ನು ನಾನು ಮಾಡುವ ಬಗೆ

ಆಸ್ಟಿಯಾಯ್ಡ್ ಆಸ್ಟಿಯೋಮ ಅನ್ನುವುದು ಕ್ಯಾನ್ಸರಲ್ಲದ ಒಂದು ಮೂಳೆ ಗಡ್ಡೆ. ಇದರಲ್ಲಿ ನಾವು ಹುಡುಕುವ ವಸ್ತು ಕಾಳುಮೆಣಸಿನಷ್ಟು, ಹೆಚ್ಚೆಂದರೆ ಕಡಲೆಕಾಳಿನಷ್ಟು. ಅದರ ಸುತ್ತ ಮೂಳೆ ಎಬ್ಬಿಸುವ ಗಲಾಟೆ ಮಾತ್ರ ಅಂಗೈ ಅಗಲ. ತಪ್ಪೆಲ್ಲ ಆಗುವುದು ಗಲಾಟೆಯನ್ನೇ ರೋಗ ಅಂದುಕೊಂಡಾಗ. ರೋಗ ಇರುವುದು ನಡುವಿನ ನೈಡಸ್‌ನಲ್ಲಿ. ನಾನು ಇದನ್ನು ಗೂಡು ಅನ್ನುತ್ತೇನೆ, ಆ ಲ್ಯಾಟಿನ್ ಪದದ ಅರ್ಥವೂ ಅದೇ. ಗೂಡು ಸಾಮಾನ್ಯವಾಗಿ 1.5 ಸೆಂಮೀ ಒಳಗಿರುತ್ತದೆ. 2 ಸೆಂಮೀ ದಾಟಿದರೆ ಇದೇ ಜಾತಿಯ ದೊಡ್ಡ ಗಡ್ಡೆಯಾದ ಆಸ್ಟಿಯೋಬ್ಲಾಸ್ಟೋಮದ ಕಡೆ ಯೋಚಿಸಬೇಕು, ಅದರ ಲೆಕ್ಕಾಚಾರವೇ ಬೇರೆ.

ಸ್ಕ್ಯಾನ್ ನೋಡುವ ಮೊದಲು ನೋವಿನ ಕಥೆ ಕೇಳುತ್ತೇನೆ. ರೋಗಿಗಳು ಹೆಚ್ಚಾಗಿ 5ರಿಂದ 25 ವರ್ಷದವರು, ಹುಡುಗರು ಹುಡುಗಿಯರಿಗಿಂತ ಎರಡು ಮೂರು ಪಟ್ಟು. "ಹಗಲೆಲ್ಲ ಆಡ್ಕೊಂಡಿರ್ತಾನೆ, ರಾತ್ರಿ ಎರಡು ಗಂಟೆಗೆ ಕಾಲು ಹಿಡ್ಕೊಂಡು ಎದ್ದು ಕೂರ್ತಾನೆ, ಮಾತ್ರೆ ಕೊಟ್ರೆ ಮಲಗ್ತಾನೆ" ಎಂದು ತಾಯಿ ಹೇಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಗೂಡು ತಾನೇ ನೋವೆಬ್ಬಿಸುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಿಸುತ್ತದೆ, ಅದರೊಳಗೆ ನರದ ಎಳೆಗಳೂ ಇರುತ್ತವೆ. ಐಬುಪ್ರೊಫೆನ್ ಜಾತಿಯ ಮಾತ್ರೆಗೆ ನೋವು ಅಷ್ಟು ಚೆನ್ನಾಗಿ ಬಗ್ಗುವುದು ಅದಕ್ಕೇ. ಹಳೆಯ ಪುಸ್ತಕಗಳಲ್ಲಿ ಆಸ್ಪಿರಿನ್ ಕೊಟ್ಟು ನೋಡಿ ಎಂದಿರುತ್ತದೆ. ಮಕ್ಕಳಿಗೆ ಮಿದುಳು, ಯಕೃತ್ತು ಕೆಡಿಸುವ ರೈ ಸಿಂಡ್ರೋಮಿನ ಭಯವಿರುವುದರಿಂದ ಅದು ಬೇಡ. ನಮ್ಮ ಕಡೆ ಈ ನೋವು ಬಹಳ ದಿನ "ಬೆಳೆಯೋ ವಯಸ್ಸಿನ ನೋವು" ಅನ್ನಿಸಿಕೊಂಡು, ಎಣ್ಣೆ ಹಚ್ಚಿ ನೀವಿಸಿಕೊಂಡು ಬಂದಿರುತ್ತದೆ. ಬೆಳೆಯುವ ನೋವು ಎರಡೂ ಕಾಲಿಗೆ ಬರುತ್ತದೆ, ಇದು ಒಂದೇ ಜಾಗಕ್ಕೆ ಅಂಟಿಕೊಂಡಿರುತ್ತದೆ.

ತೊಡೆಮೂಳೆ, ಮೊಣಕಾಲ ಕೆಳಗಿನ ಟಿಬಿಯಾ, ಇವೆರಡರಲ್ಲೇ ಅರ್ಧಕ್ಕಿಂತ ಹೆಚ್ಚು ಸಿಗುತ್ತವೆ. ಎಕ್ಸ್-ರೇಯಲ್ಲಿ ಮೂಳೆಯ ಹೊರಪದರ ಒಂದು ಕಡೆ ದಪ್ಪವಾಗಿ ಬೆಳ್ಳಗೆ ಕಾಣುತ್ತದೆ, ಗೂಡು ಆ ಬಿಳುಪಿನಲ್ಲೇ ಮುಚ್ಚಿಹೋಗಿರಬಹುದು. ಆದ್ದರಿಂದ ಸಿಟಿ ಬೇಕೇ ಬೇಕು, ಅದೂ ತೆಳುವಾಗಿ: ಒಂದೊಂದು ಪದರ (ಸ್ಲೈಸ್) 1 ಮಿಮೀ ಅಥವಾ ಕಡಿಮೆ, ಮೂಳೆಯನ್ನು ಚೂಪಾಗಿ ತೋರಿಸುವ ಬೋನ್ ಅಲ್ಗಾರಿದಂ, ಮೂರೂ ದಿಕ್ಕಿನ ಮರುಚಿತ್ರ. 5 ಮಿಮೀ ಸ್ಲೈಸಿನಲ್ಲಿ 4 ಮಿಮೀ ಗೂಡು ಹುಡುಕುವುದು ರಾಗಿ ಹಾಯುವ ಜರಡಿಯಲ್ಲಿ ಸಾಸಿವೆ ಹಿಡಿಯುವ ಹಾಗೆ. ಕಾಣಬೇಕಾದ್ದು ದುಂಡನೆಯ ಕಪ್ಪು ಚುಕ್ಕೆ, ಒಳಗೆ ಕೆಲವೊಮ್ಮೆ ಬಿಳಿ ಕಾಳು. ದಪ್ಪ ಮೂಳೆಯನ್ನು ಸೀಳಿಕೊಂಡು ಗೂಡಿನತ್ತ ಹೋಗುವ ಸಣ್ಣ ಕಪ್ಪು ಗೆರೆಗಳು ಸಿಕ್ಕರೆ ಇನ್ನೂ ಧೈರ್ಯ. ಅವು ಅದಕ್ಕೆ ರಕ್ತ ಒಯ್ಯುವ ನಾಳಗಳ ಕಾಲುವೆಗಳು.

ಎಂಆರ್‌ಐ ಒಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಮಜ್ಜೆಯ ತುಂಬ ನೀರು, ಸುತ್ತಲಿನ ಮಾಂಸದಲ್ಲೂ ಊತ. ಓದುವವರು ಸೋಂಕು ಅಂತಲೋ, ಕೆಟ್ಟ ಗಡ್ಡೆ ಅಂತಲೋ ಬರೆದುಬಿಡುತ್ತಾರೆ. ಸೊಂಟದ ಕೀಲಿನೊಳಗೆ ಇದ್ದರಂತೂ ಮೂಳೆ ಹೆಚ್ಚು ದಪ್ಪವಾಗುವುದೇ ಇಲ್ಲ, ಕೀಲಿನಲ್ಲಿ ನೀರು ತುಂಬಿ ಹುಡುಗ ಕುಂಟುತ್ತಾನೆ. ನಮ್ಮಲ್ಲಿ ಕುಂಟುವ ಹುಡುಗನ ಸೊಂಟದಲ್ಲಿ ನೀರು ಕಂಡರೆ ಮೊದಲು ಬಾಯಿಗೆ ಬರುವ ಹೆಸರು ಟಿಬಿ. ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಯೂ ರಾತ್ರಿ ನಿದ್ದೆ ಬಾರದವರಿಗೆ ಒಂದು ತೆಳು ಸಿಟಿ ಮಾಡಿಸಿ ಎಂದು ನಾನು ಎಲ್ಲ ಮೂಳೆ ಡಾಕ್ಟರರಲ್ಲೂ ಕೇಳಿಕೊಳ್ಳುತ್ತೇನೆ. ಎಂಆರ್‌ಐ ಮಾಡಲೇಬೇಕಾದರೆ ರಕ್ತ ಹರಿಯುವ ಜಾಗವನ್ನು ಬೆಳಗಿಸುವ ಕಾಂಟ್ರಾಸ್ಟ್ ಔಷಧ ಕೊಟ್ಟು ಕೆಲವು ಸೆಕೆಂಡಿಗೊಂದು ಚಿತ್ರ ತೆಗೆಯಬೇಕು. ಗೂಡು ಅಪಧಮನಿಯ ಜೊತೆಜೊತೆಗೇ ಬೆಳಗುತ್ತದೆ.

ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು ಬ್ರೋಡಿ ಆಬ್ಸೆಸ್, ಮೂಳೆಯೊಳಗೆ ಕಟ್ಟಿಕೊಂಡ ಹಳೆಯ ಕೀವು. ಅದರ ಒಳ ಅಂಚು ಒರಟು, ಒಳಗಿನ ಸತ್ತ ಮೂಳೆಚೂರು ಒಂದು ಪಕ್ಕಕ್ಕೆ ಸರಿದಿರುತ್ತದೆ, ಕಾಂಟ್ರಾಸ್ಟ್ ಅಂಚಿಗೆ ಮಾತ್ರ ಹಿಡಿದು ನಡು ಕಪ್ಪಾಗಿಯೇ ಉಳಿಯುತ್ತದೆ. ಆಸ್ಟಿಯಾಯ್ಡ್ ಆಸ್ಟಿಯೋಮದ ಅಂಚು ನಯ, ಬಿಳಿ ಕಾಳು ನಡುವಿನಲ್ಲಿ, ಗೂಡೇ ಬೆಳಗುತ್ತದೆ. ಮತ್ತೆ ಮತ್ತೆ ಬೀಳುವ ಭಾರಕ್ಕೆ ಮೂಳೆ ಬಿರುಕು ಬಿಡುವ ಸ್ಟ್ರೆಸ್ ಫ್ರಾಕ್ಚರಿನಲ್ಲಿ ಕಾಣುವುದು ಚುಕ್ಕೆಯಲ್ಲ, ಗೆರೆ. ನೋವೂ ಓಡಿದಾಗ ಹೆಚ್ಚು, ಮಲಗಿದರೆ ಕಡಿಮೆ.

ಸುಡಲೇಬೇಕೆ? ಕೆಲವು ವರ್ಷಗಳಲ್ಲಿ ಇದು ತಾನಾಗಿಯೇ ಆರಿಹೋಗುವುದುಂಟು. ಆದರೆ ಅಲ್ಲಿಯವರೆಗೆ ದಿನಾ ನೋವಿನ ಮಾತ್ರೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಪೆಟ್ಟು. ಹೆನ್ರಿ ಜಾಫೆ 1935ರಲ್ಲಿ ಈ ಗಡ್ಡೆಗೆ ಹೆಸರು ಕೊಟ್ಟ ಮೇಲೆ ಬಹುಕಾಲ ಇದಕ್ಕೆ ಕತ್ತರಿಸಿ ತೆಗೆಯುವುದೊಂದೇ ದಾರಿ. ಆಪರೇಶನ್ ಟೇಬಲ್ಲಿನಲ್ಲಿ ಗೂಡು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಸುರಕ್ಷೆಗೆಂದು ದೊಡ್ಡ ತುಂಡನ್ನೇ ತೆಗೆಯುತ್ತಿದ್ದರು, ಮತ್ತೆ ಆ ಜಾಗ ತುಂಬಲು ಬೇರೆ ಮೂಳೆಯ ಗ್ರಾಫ್ಟ್, ಪ್ಲಾಸ್ಟರ್. ಬಾಸ್ಟನ್ನಿನ ಡೇನಿಯಲ್ ರೋಸೆಂತಾಲ್ ತಂಡ 1992ರಲ್ಲಿ ಸೂಜಿಯ ಮೂಲಕ ರೇಡಿಯೋಫ್ರೀಕ್ವೆನ್ಸಿ ಕರೆಂಟಿನ ಬಿಸಿಯಿಂದ ಸುಟ್ಟದ್ದನ್ನು ವರದಿ ಮಾಡಿತು. ನಾನು ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

ಅರಿವಳಿಕೆ ಬೇಕು. ಕಾಲಿಗಾದರೆ ದೊಡ್ಡವರಿಗೆ ಬೆನ್ನಿಗೆ ಕೊಡುವ ಸ್ಪೈನಲ್, ಮಕ್ಕಳಿಗೆ ಪೂರ್ತಿ ಅರಿವಳಿಕೆ. ಜಾಗ ಮರಗಟ್ಟಿಸುವ ಇಂಜೆಕ್ಷನ್ ಒಂದರಲ್ಲೇ ಮಾಡಲು ಹೋಗಬೇಡಿ, ಗೂಡನ್ನು ಮುಟ್ಟಿದ ಕ್ಷಣ ಹುಡುಗ ಟೇಬಲ್ ಮೇಲಿಂದ ಎಗರುತ್ತಾನೆ. ಪೂರ್ತಿ ಅರಿವಳಿಕೆಯಲ್ಲೂ ಡ್ರಿಲ್ ಗೂಡಿಗೆ ಇಳಿದಾಗ ನಾಡಿ, ಉಸಿರು ದಿಢೀರನೆ ಏರುತ್ತವೆ. ಅರಿವಳಿಕೆಯವರಿಗೆ ಇದನ್ನು ಮೊದಲೇ ಹೇಳಿಟ್ಟಿರುತ್ತೇನೆ. ಅವರಿಗೆ ಅದು ಎಚ್ಚರಿಕೆ, ನನಗೆ ಸರಿಯಾದ ಜಾಗಕ್ಕೆ ಬಂದೆ ಅನ್ನುವ ಗುರುತು. ಸ್ಪೈನಲ್ ಕೊಟ್ಟಾಗ ಈ ಗುರುತು ಸಿಗದು.

ರೋಗಿ ಬರುವ ಮೊದಲೇ ಟ್ರೇ ಮೇಲೆ, ಸುಡುವ ಕರೆಂಟು ಒಯ್ಯುವ ಎಲೆಕ್ಟ್ರೋಡನ್ನು ಮೂಳೆ ಸೂಜಿಯೊಳಗೆ ತೂರಿಸಿ ನೋಡುತ್ತೇನೆ. 11 ಅಥವಾ 14 ಗೇಜಿನ ಸೂಜಿಯೊಳಗೆ ಅದು ಸಲೀಸಾಗಿ ಹೋಗಬೇಕು, ಜೊತೆಗೆ ಸೂಜಿಯನ್ನು 1 ಸೆಂಮೀ ಹಿಂದಕ್ಕೆ ಎಳೆದರೂ ತುದಿ ಗೂಡಿನಲ್ಲೇ ಉಳಿಯುವಷ್ಟು ಉದ್ದ ಇರಬೇಕು. ಮೂಳೆಗೆ ತೂತು ಕೊರೆದಾದ ಮೇಲೆ ಎಲೆಕ್ಟ್ರೋಡ್ ಗಿಡ್ಡ ಎಂದು ಗೊತ್ತಾಗುವುದರಷ್ಟು ಪೇಚು ಮತ್ತೊಂದಿಲ್ಲ. ಕರೆಂಟು ಮೈಯಿಂದ ಹೊರಹೋಗುವ ಗ್ರೌಂಡಿಂಗ್ ಪ್ಯಾಡನ್ನು ಕೂದಲು ತೆಗೆದು ಒಣಗಿಸಿದ ದಪ್ಪ ಮಾಂಸದ ಮೇಲೆ ಪೂರ್ತಿ ಅಂಟಿಸಬೇಕು. ಒಂದು ಮೂಲೆ ಎದ್ದರೆ ಕರೆಂಟೆಲ್ಲ ಉಳಿದ ಜಾಗದಲ್ಲಿ ನುಗ್ಗಿ ಚರ್ಮ ಸುಡುತ್ತದೆ. ಸ್ಪೈನಲ್ ಕೊಟ್ಟ ಮೇಲೆ ಕಾಲು ಹೊರಕ್ಕೆ ವಾಲುತ್ತದೆ, ಆದ್ದರಿಂದ ತೊಡೆಮೂಳೆಯ ಕುತ್ತಿಗೆಯಾದರೆ ಎರಡೂ ಹೆಬ್ಬೆರಳನ್ನು ಸೇರಿಸಿ ಟೇಪ್ ಸುತ್ತುತ್ತೇನೆ.

ದಾರಿ ಆರಿಸುವಾಗ ಹತ್ತಿರದ ದಾರಿಗಿಂತ ಮೂಳೆಗೆ ನೇರವಾಗಿ, ಲಂಬವಾಗಿ ತಾಗುವ ದಾರಿ ಒಳ್ಳೆಯದು. ಓರೆಯಾಗಿ ಹೋದರೆ ಡ್ರಿಲ್ ಗಟ್ಟಿ ಮೂಳೆಯ ಮೇಲೆ ಜಾರುತ್ತದೆ. ದೊಡ್ಡ ನರ, ರಕ್ತನಾಳ ಇರುವ ಕಡೆ ಗೂಡಿದ್ದರೆ ಎದುರು ಬದಿಯಿಂದ ಮೂಳೆ ದಾಟಿಯೇ ಬರುತ್ತೇನೆ. ಮಕ್ಕಳಲ್ಲಿ ಮೂಳೆ ಉದ್ದ ಬೆಳೆಯುವ ಜಾಗವಾದ ಬೆಳವಣಿಗೆಯ ತಟ್ಟೆಯನ್ನು ತಪ್ಪಿಸಬೇಕು. ದಾರಿ ನೋಡುವ ಸ್ಕ್ಯಾನುಗಳಿಗೆ ಕಡಿಮೆ ಎಕ್ಸ್-ರೇ (80 ಅಥವಾ 100 ಕೆವಿ, ಕಡಿಮೆ ಎಂಎ), ನಾಲ್ಕೈದು ಸೆಂಮೀ ಉದ್ದ ಸಾಕು. ಲೋಹದ ಸೂಜಿಯೂ ಮೂಳೆಯೂ ಅಷ್ಟಕ್ಕೇ ಚೆನ್ನಾಗಿ ಕಾಣುತ್ತವೆ. ಚರ್ಮಕ್ಕೆ 3-4 ಮಿಮೀ ಗಾಯ, ಮೂಳೆಯ ಹೊರಪೊರೆಯಾದ ಪೆರಿಯಾಸ್ಟಿಯಂವರೆಗೆ ಮರಗಟ್ಟಿಸುವ ಬುಪಿವಕೇನ್. ಆಮೇಲೆ ಡ್ರಿಲ್, ಕೆಲವು ಮಿಮೀ ಹೋಗಿ ಒಂದು ಸ್ಕ್ಯಾನ್. ಗಟ್ಟಿ ಮೂಳೆಯಲ್ಲಿ ಅವಸರ ಮಾಡಿದರೆ ಬಿಟ್ ಬಿಸಿಯಾಗಿ ಬಾಗುತ್ತದೆ, ಮುರಿದರೆ ಒಳಗೇ ಉಳಿಯುತ್ತದೆ. ಆಗಾಗ ಹೊರತೆಗೆದು ಮೂಳೆಹುಡಿ ಒರೆಸಬೇಕು. ಗೂಡಿಗೆ ಇಳಿದಾಗ ಕೈಗೆ ಗೊತ್ತಾಗುತ್ತದೆ, ಬಿಗಿಯಾಗಿದ್ದದ್ದು ಥಟ್ಟನೆ ಮೆತ್ತಗಾಗುತ್ತದೆ.

ಸುಡುವ ಮೊದಲೇ ಬಯಾಪ್ಸಿ. ಬೆಂದ ಮೇಲೆ ತೆಗೆದ ಚೂರಿನಿಂದ ಪೆಥಾಲಜಿಯವರಿಗೆ ಏನೂ ತಿಳಿಯದು. ಚೂರು ಸಣ್ಣದು, ಎಷ್ಟೋ ಸಲ ಉತ್ತರ ಬರುವುದಿಲ್ಲ, ಆದರೂ ಬಿಡುವುದಿಲ್ಲ. ಕೀವಿನ ಅನುಮಾನ ಇದ್ದರೆ ಒಂದು ಭಾಗ ರೋಗಾಣು ಬೆಳೆಸಿ ನೋಡುವ ಕಲ್ಚರಿಗೆ.

ಎಲೆಕ್ಟ್ರೋಡಿನ ಹೊದಿಕೆಯಿಲ್ಲದ ಬರಿಯ ತುದಿ 5 ಮಿಮೀ ಇದ್ದರೆ ಸುತ್ತ ಸುಮಾರು 1 ಸೆಂಮೀ ವ್ಯಾಸದ ಜಾಗ ಬೇಯುತ್ತದೆ. ಅಂದರೆ ಗೂಡಿನ ಯಾವ ಅಂಚೂ ತುದಿಯಿಂದ 5 ಮಿಮೀಗಿಂತ ದೂರ ಇರಬಾರದು. ಗೂಡು 1 ಸೆಂಮೀ ದಾಟಿದರೆ ಎರಡು ಜಾಗದಲ್ಲಿ ಸುಡಬೇಕು. ಸೂಜಿಯನ್ನು ಹಿಂದಕ್ಕೆ ಎಳೆದು, ಬರಿಯ ತುದಿ ಸೂಜಿಯ ಲೋಹಕ್ಕೆ ತಾಗುತ್ತಿಲ್ಲ ಎಂದು ಸ್ಕ್ಯಾನಿನಲ್ಲಿ ನೋಡಿಯೇ ಮುಂದಿನ ಮಾತು. ತಾಗಿದ್ದರೆ ಸೂಜಿಯೇ ಎಲೆಕ್ಟ್ರೋಡ್ ಆಗಿ, ಚರ್ಮದವರೆಗೂ ದಾರಿಯುದ್ದಕ್ಕೂ ಸುಡುತ್ತದೆ. ಮೆಶಿನ್ನಿನಲ್ಲಿ ಇಂಪಿಡೆನ್ಸ್, ಅಂದರೆ ಕರೆಂಟಿಗೆ ಇರುವ ತಡೆ, ಎಣಿಸಿದ್ದಕ್ಕಿಂತ ಬಹಳ ಕಡಿಮೆ ತೋರಿಸಿ, ಬಿಸಿ ಏರದೆ ಹಟ ಹಿಡಿದರೆ ಮೊದಲು ಅನುಮಾನಿಸುವುದು ಇದನ್ನೇ. ಎಲ್ಲ ಸರಿ ಇದ್ದರೆ ನಿಧಾನವಾಗಿ 90 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ 6 ನಿಮಿಷ. ಅವಸರದಲ್ಲಿ ಪವರ್ ಏರಿಸಿ 100 ದಾಟಿಸಿದರೆ ತುದಿಯ ಸುತ್ತ ಕರಿ ಕಟ್ಟುತ್ತದೆ, ಇಂಪಿಡೆನ್ಸ್ ಜಿಗಿಯುತ್ತದೆ, ಶಾಖ ಮುಂದೆ ಹರಡುವುದಿಲ್ಲ. ಆಗ ಎಲೆಕ್ಟ್ರೋಡ್ ತೆಗೆದು ಒರೆಸಿ ಮತ್ತೆ ಶುರು.

ಗೂಡು ನರದಿಂದ 1 ಸೆಂಮೀ ಒಳಗಿದ್ದರೆ ನಡುವೆ 5% ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ನೀರು ತುಂಬಿ ನರವನ್ನು ದೂರ ತಳ್ಳುತ್ತೇನೆ. ಸಲೈನ್ ಬೇಡ, ಉಪ್ಪುನೀರು ಕರೆಂಟನ್ನು ಹಾಯಿಸುತ್ತದೆ. ಟಿಬಿಯಾದ ಮುಂಭಾಗದಲ್ಲಿ ಚರ್ಮದ ಕೆಳಗೇ ಮೂಳೆ ಇರುವುದರಿಂದ ಅಲ್ಲಿ ತಣ್ಣನೆಯ ಸ್ಟೆರೈಲ್ ನೀರಿನ ಬಟ್ಟೆ ಇಟ್ಟಿರುತ್ತೇನೆ. ಬೆನ್ನುಮೂಳೆಯ ಹಿಂಭಾಗದ ಗೂಡುಗಳಲ್ಲಿ ನೋವಿನ ಜೊತೆ ಬೆನ್ನು ಡೊಂಕಾಗಿರುತ್ತದೆ. ಗೂಡಿಗೂ ನರಕ್ಕೂ ನಡುವೆ ಗಟ್ಟಿ ಮೂಳೆ ಉಳಿದಿಲ್ಲದಿದ್ದರೆ ನಾನು ಸುಡದೆ ಸರ್ಜನ್ ಹತ್ತಿರ ಕಳಿಸುತ್ತೇನೆ.

ಅದೇ ದಿನ ಸಂಜೆ ಅಥವಾ ಮರುದಿನ ನಡೆಯಬಹುದು. ಮೊದಲ ಎರಡು ದಿನದ ನೋವು ಸುಟ್ಟದ್ದರದ್ದು. ಹಳೆಯ ರಾತ್ರಿಯ ನೋವು ಬೇರೆಯದೇ ಎಂದು ಹುಡುಗರೇ ಹೇಳುತ್ತಾರೆ, ಅದು ಹೆಚ್ಚಿನವರಲ್ಲಿ ಕೆಲವೇ ದಿನದಲ್ಲಿ ಹೋಗಿರುತ್ತದೆ. ಭಾರ ಹೊರುವ ಮೂಳೆಯಾದರೆ ಕಬಡ್ಡಿ, ಲಾಂಗ್ ಜಂಪ್, ಫಾಸ್ಟ್ ಬೌಲಿಂಗ್ 3 ತಿಂಗಳು ಬೇಡ. ಕೊರೆದ ತೂತಿನ ಬಳಿ ಮೂಳೆ ಸೋತಿರುತ್ತದೆ. ಚೆನ್ನಾಗಿ ನಿದ್ದೆ ಮಾಡುತ್ತಿರುವವರಿಗೆ ನಾನು ಮತ್ತೆ ಸ್ಕ್ಯಾನ್ ಮಾಡಿಸುವುದಿಲ್ಲ. ಸಿಟಿಯಲ್ಲಿ ತೂತು ತುಂಬುವುದು ನಿಧಾನ, ಮೊದಲ ವಾರಗಳ ಎಂಆರ್‌ಐಯಲ್ಲಿ ಊತ ಕಂಡು ಮನೆಯವರು ಹೆದರುತ್ತಾರೆ.

ರಾತ್ರಿಯ ನೋವು ಮರಳಿದರೆ ಮಾತ್ರ ಮತ್ತೆ ತೆಳು ಸಿಟಿ, ಕಾಂಟ್ರಾಸ್ಟ್ ಎಂಆರ್‌ಐ. ಹಳೆಯ ತೂತು ಗೂಡಿನ ನಡುವೆ ಹೋಗಿತ್ತೋ ಪಕ್ಕದಲ್ಲಿ ಹಾದಿತ್ತೋ ಎಂದು ಮೂರೂ ದಿಕ್ಕಿನಲ್ಲಿ ಅಳೆಯುತ್ತೇನೆ. ಮರಳಿ ಬಂದವುಗಳಲ್ಲಿ ಹೆಚ್ಚಾಗಿ ಸಿಗುವುದು ಪಕ್ಕದಲ್ಲಿ ಹಾದ ತೂತು, ಇಲ್ಲವೇ ದೊಡ್ಡ ಗೂಡಿಗೆ ಒಂದೇ ಸಲ ಸುಟ್ಟದ್ದು. ಎರಡನೇ ಸಲ ಹಳೆಯ ತೂತಿನಲ್ಲಿ ಹೋಗುವುದಿಲ್ಲ. ಡ್ರಿಲ್ ತಾನಾಗಿಯೇ ಹಳೆಯ ಹಾದಿಗೆ ಜಾರುತ್ತದೆ. ಉಳಿದ ಗೂಡಿನ ನಡುವಿಗೆ ಹೊಸ ಕೋನದಿಂದ, ಹೊಸ ತೂತು.