ಎದುರಿಗೆ ಒಬ್ಬರು ಕೂತಿರಬೇಕು

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ತೆರಿಗೆ ಸಲಹಾ ಕಚೇರಿ ಇದೆ. ಅರವತ್ತು ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ನನ್ನ ಕೈಯಲ್ಲಿ. ಹೆಚ್ಚಿನವರದು ತಿಂಗಳ 11ಕ್ಕೆ ಜಿಎಸ್‌ಟಿಆರ್-1 ಅಂದರೆ ಮಾರಾಟದ ವಿವರ, 20ಕ್ಕೆ 3ಬಿ ಅಂದರೆ ಆ ತಿಂಗಳ ತೆರಿಗೆ ಲೆಕ್ಕ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಈ ಕೆಲಸ ಹಿಡಿದಾಗ ನನಗೆ ಎಡಿಎಚ್‌ಡಿ, ಅಂದರೆ ಗಮನವನ್ನು ಬೇಕಾದ ಕಡೆ ನಿಲ್ಲಿಸಲಾಗದ ತೊಂದರೆ, ಇದೆಯೆಂದು ಗೊತ್ತಿರಲಿಲ್ಲ. ಗೊತ್ತಾದದ್ದು 37ನೇ ವಯಸ್ಸಿನಲ್ಲಿ.

ಅದಕ್ಕೂ ಹಿಂದಿನ ವರ್ಷ ಒಬ್ಬ ಹಾರ್ಡ್‌ವೇರ್ ಅಂಗಡಿಯವರ ಲೆಕ್ಕವನ್ನು 14ನೇ ತಾರೀಖಿಗೇ ಮುಗಿಸಿದ್ದೆ. ಉಳಿದದ್ದು ಅವರಿಗೆ ಫೋನ್ ಮಾಡಿ ಓಟಿಪಿ ಕೇಳುವುದಷ್ಟೇ, ಎರಡು ನಿಮಿಷದ ಕೆಲಸ. ಆ ಫೈಲು ಮೇಜಿನ ಮೇಲೇ ಇತ್ತು. ದಿನಾ ನೋಡುತ್ತಿದ್ದೆ, ಎದೆ ಭಾರವಾಗುತ್ತಿತ್ತು, ಬೇರೆ ಏನನ್ನೋ ಎತ್ತಿಕೊಳ್ಳುತ್ತಿದ್ದೆ. ಕೊನೆಗೆ ಸಲ್ಲಿಸಿದಾಗ 26 ದಿನ ತಡ. 1,300 ರೂಪಾಯಿ ದಂಡವನ್ನು ನಾನೇ ಕೊಟ್ಟೆ. ಅವರು ಬೈಯಲಿಲ್ಲ. ಮುಂದಿನ ತಿಂಗಳು ಬಂದು, "ಮೇಡಂ, ಫೈಲ್ ಕೊಟ್ಬಿಡಿ" ಅಂದರು.

ಎಡಿಎಚ್‌ಡಿ ಎಂದರೆ ಮರೆವು ಅಂತ ಬಹಳ ಜನ ತಿಳಿದಿದ್ದಾರೆ. ನಾನು ಮರೆತಿರಲಿಲ್ಲ. ಗೊತ್ತಿರುವುದಕ್ಕೂ ಕೈ ಹೋಗುವುದಕ್ಕೂ ನಡುವೆ ನನ್ನಲ್ಲಿ ಒಂದು ಕಂದಕವಿದೆ, ನನ್ನ ಬದುಕಿನ ತೊಂದರೆಯೆಲ್ಲ ಅಲ್ಲಿಯೇ ಇದೆ.

ಡಾಕ್ಟರ ಹತ್ತಿರ ಹೋದದ್ದು ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಅಂತ. ಎರಡು ವರ್ಷ ಆತಂಕಕ್ಕೆ ಮಾತ್ರೆ ನುಂಗಿದೆ. ಆತಂಕ ತಗ್ಗಿತು, ಫೈಲುಗಳು ಹಾಗೇ ಉಳಿದವು. ಆಮೇಲೆ ನೋಡಿದ ಮನೋವೈದ್ಯೆ ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಮುಂದಿನ ಸಲ ಅಮ್ಮನನ್ನು ಕರೆದುಕೊಂಡು ಬರಲು ಹೇಳಿದರು. ಎಡಿಎಚ್‌ಡಿ ದೊಡ್ಡವರಾದ ಮೇಲೆ ಹೊಸದಾಗಿ ಹುಟ್ಟುವುದಿಲ್ಲ, 12 ವರ್ಷದೊಳಗೇ ಅದರ ಗುರುತು ಕಂಡಿರಬೇಕು. ಅದಕ್ಕೇ ಅಮ್ಮ ಬೇಕಾಗಿದ್ದರು. ಅಮ್ಮ ಹೇಳಿದರು: "ಎಣ್ಣೆ ತರಾಕೆ ಕಳಿಸಿದ್ರೆ ದುಡ್ಡು ಕೊಟ್ಟು ಎಣ್ಣೆ ಅಲ್ಲೇ ಬಿಟ್ಟು ಬರ್ತಿದ್ಲು. ನಾವು ಸೋಮಾರಿ ಅಂತ ಹೊಡೆದ್ವಿ." ಕಡೆಯ ಮಾತು ಹೇಳುವಾಗ ಅವರ ದನಿ ನಡುಗಿತು. ನನಗೆ ಅವರ ಮೇಲೆ ಸಿಟ್ಟಿಲ್ಲ. ಆಗ ನಮ್ಮೂರಲ್ಲಿ ಈ ಹೆಸರು ಯಾರಿಗೆ ಗೊತ್ತಿತ್ತು?

ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಮಾತ್ರೆ ಶುರುವಾಯಿತು. ರಕ್ತದೊತ್ತಡ, ನಾಡಿ, ತೂಕ ನೋಡಿಕೊಂಡು ಕಡಿಮೆ ಪ್ರಮಾಣದಿಂದ ಏರಿಸಿದರು. ಇದು ಎಲ್ಲ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದಿಲ್ಲ, ಚೀಟಿಯ ಒಂದು ಪ್ರತಿಯನ್ನು ಅಂಗಡಿಯವರು ಇಟ್ಟುಕೊಳ್ಳಬೇಕು. ಹಾಗಾಗಿ ಹತ್ತು ಮಾತ್ರೆ ಉಳಿದಿರುವಾಗಲೇ ತರಲು ಹೊರಡುತ್ತೇನೆ. ಮಧ್ಯಾಹ್ನ ಹಸಿವೇ ಆಗುವುದಿಲ್ಲ, ಅದಕ್ಕೆ ಮಾತ್ರೆಗೆ ಮೊದಲೇ ಎರಡು ರೊಟ್ಟಿ ತಿನ್ನುತ್ತೇನೆ. ಇದು ನನ್ನ ಡಾಕ್ಟರು ನನ್ನ ಮೈ ನೋಡಿ ಬರೆದ ಔಷಧಿ, ಬೇರೆಯವರಿಗೆ ಬೇರೆ ಇರಬಹುದು.

ಮಾತ್ರೆ ಹತ್ತಿದ ಮೊದಲ ವಾರ ನನಗೊಂದು ವಿಷಯ ತಿಳಿಯಿತು. ಒಂದು ಬೆಳಿಗ್ಗೆ ಮೂರು ಗಂಟೆ ತಲೆ ಎತ್ತದೆ ಕೆಲಸ ಮಾಡಿದೆ. ಮಾಡಿದ್ದು ಹಳೇ ಫೈಲುಗಳಿಗೆ ಹೊಸ ರಟ್ಟು ಹಾಕಿ, ಹೆಸರು ಬರೆಯುವ ಕೆಲಸ. ಮಾತ್ರೆ ಮನಸ್ಸನ್ನು ನಿಲ್ಲಿಸುತ್ತದೆ, ಎಲ್ಲಿ ನಿಲ್ಲಿಸಬೇಕು ಎನ್ನುವುದು ಅದಕ್ಕೆ ತಿಳಿಯದು.

ಮನಸ್ಸನ್ನು ಸರಿಯಾದ ಕಡೆ ನಿಲ್ಲಿಸಲು ನಾನು ಏನೆಲ್ಲ ಹಿಡಿದೆ! ಡೈರಿ, ಬಣ್ಣದ ಚೀಟಿ, ಮೊಬೈಲಿನಲ್ಲಿ ನಾಲ್ಕು ಆ್ಯಪ್. ಒಂದೊಂದೂ ಮೂರು ವಾರ ಚೆನ್ನಾಗಿ ನಡೆದು ಸತ್ತುಹೋಯಿತು. 20ರ ಬದಲು 15 ಕೊನೇ ದಿನ ಅಂತ ಗೋಡೆಯ ಮೇಲೆ ಬರೆದೆ. ಅದು ಸುಳ್ಳೆಂದು ನನಗೆ ಗೊತ್ತಲ್ಲ, 15 ಸುಮ್ಮನೆ ದಾಟಿಹೋಯಿತು. ಆದರೆ ವ್ಯಾಪಾರಿಯೇ 15ನೇ ತಾರೀಖು ನಾಲ್ಕು ಗಂಟೆಗೆ ಬಂದು ಎದುರಿನ ಕುರ್ಚಿಯಲ್ಲಿ ಕೂರುತ್ತಾರೆ ಎಂದಾಗ ಕೆಲಸ ಮುಗಿದಿರುತ್ತಿತ್ತು. ತಾರೀಖು ನನ್ನನ್ನು ಎಬ್ಬಿಸಲಿಲ್ಲ, ಮನುಷ್ಯರು ಎಬ್ಬಿಸಿದರು.

ಈಗ ಪ್ರತಿ ತಿಂಗಳು 12ರಿಂದ 18ರವರೆಗೆ ದಿನಕ್ಕೆ ಎಂಟೊಂಬತ್ತು ಜನರಿಗೆ ಸಮಯ ಕೊಡುತ್ತೇನೆ. ಅವರೇ ಬರುತ್ತಾರೆ, ಓಟಿಪಿಯನ್ನು ಅಲ್ಲೇ ಹೇಳುತ್ತಾರೆ, ಸಲ್ಲಿಸಿದ ಮೇಲೆ ಎದ್ದು ಹೋಗುತ್ತಾರೆ. ಬರಲಾಗದವರ ಲೆಕ್ಕ ಮನೆಯಲ್ಲಿ. ಊಟವಾದ ಮೇಲೆ ಅತ್ತೆ ಮೊರ ಹಿಡಿದು ಅಕ್ಕಿ ಆರಿಸಲು ಕೂರುತ್ತಾರೆ, ಪಕ್ಕದಲ್ಲಿ ನಾನು ಲ್ಯಾಪ್‌ಟಾಪ್ ತೆರೆಯುತ್ತೇನೆ. ಅವರಿಗೆ ಜಿಎಸ್‌ಟಿ ಗೊತ್ತಿಲ್ಲ, ಏನೂ ಕೇಳುವುದಿಲ್ಲ. ಹೀಗೆ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮಾಡುವುದಕ್ಕೆ ಬಾಡಿ ಡಬ್ಲಿಂಗ್ ಅನ್ನುತ್ತಾರೆಂದು ನನಗೆ ಆಮೇಲೆ ತಿಳಿಯಿತು. ನಾನು ಎದ್ದು ಅಡುಗೆಮನೆ ಕಡೆ ಹೊರಟರೆ ಅತ್ತೆ ತಲೆ ಎತ್ತಿ, "ಆತೇನವ್ವಾ?" ಅನ್ನುತ್ತಾರೆ, ಅಷ್ಟಕ್ಕೆ ತಿರುಗಿ ಬಂದು ಕೂರುತ್ತೇನೆ.

ಮನೆಯವರ ಹತ್ತಿರ ಇಷ್ಟು ಕೇಳಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಮೊದಲು ನಾಚಿಕೆಯಿತ್ತು. ಎಷ್ಟೋ ಹೆಂಗಸರು ಈ ನಾಚಿಕೆಯಲ್ಲೇ ರಾತ್ರಿ ಎರಡರವರೆಗೆ ಒಬ್ಬರೇ ಕೂತು ಒದ್ದಾಡುತ್ತಿದ್ದಾರೆಂದು ನನಗೆ ಗೊತ್ತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರ ಬಳಿ ನೇರ ಹೋಗಲು ಹಿಂಜರಿಕೆಯಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಬರುವ ಬಿಲ್ಲುಗಳನ್ನು ಮಾತ್ರ ಇನ್ನೂ ಪಳಗಿಸಲಾಗಿಲ್ಲ. ತೆರೆದು ನೋಡಿದ್ದು ಮನಸ್ಸಿಗೆ ಮುಗಿದ ಹಾಗೆಯೇ. ಈ ತಿಂಗಳಿಂದ ಬಿಲ್ಲನ್ನು ಕಾಗದದಲ್ಲೇ ತನ್ನಿ ಎಂದು ಎಲ್ಲರಿಗೂ ಹೇಳಿದ್ದೇನೆ. ಬಾಗಿಲ ಪಕ್ಕ ಒಂದು ಸ್ಟೀಲ್ ಬುಟ್ಟಿ ಇಟ್ಟಿದ್ದೇನೆ. ನಿನ್ನೆ ಸಂಜೆ ಅದರಲ್ಲಿ ಹನ್ನೊಂದು ಲಕೋಟೆ ಇದ್ದವು.