‘ಎಷ್ಟು ಗಂಟೆಯವರೆಗೆ?’ ಎಂದು ಕೇಳಬಾರದು: ರೋಗಿಗಳ ಪ್ರಶ್ನಾವಳಿಯನ್ನು ಕನ್ನಡಕ್ಕೆ ಒಗ್ಗಿಸುವ ಕ್ರಮ

ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನೆಲುಬಿನ ಕಾಯಿಲೆ ಒಬ್ಬರಲ್ಲಿ ಸದ್ಯಕ್ಕೆ ಎಷ್ಟು ಜೋರಾಗಿದೆ ಎಂಬುದು ರಕ್ತಪರೀಕ್ಷೆಯಿಂದಾಗಲಿ ಎಕ್ಸ್‌ರೇಯಿಂದಾಗಲಿ ಪೂರ್ತಿ ಗೊತ್ತಾಗುವುದಿಲ್ಲ, ರೋಗಿಯನ್ನೇ ಕೇಳಬೇಕಾಗುತ್ತದೆ. ಹಾಗೆ ಕೇಳಲೆಂದು ಇಂಗ್ಲೆಂಡಿನ ಬಾತ್ ನಗರದ ವೈದ್ಯರು ರೂಪಿಸಿ 1994ರಲ್ಲಿ ಪ್ರಕಟಿಸಿದ ಆರು ಪ್ರಶ್ನೆಗಳ ಪಟ್ಟಿಯೇ ಬಾಸ್ಡಾಯ್. ಸುಸ್ತು, ಕುತ್ತಿಗೆ, ಬೆನ್ನು ಮತ್ತು ತೊಡೆಯ ಬುಡದ ಕೀಲಿನ ನೋವು, ಉಳಿದ ಕೀಲುಗಳ ನೋವು ಅಥವಾ ಊತ, ಒತ್ತಿದರೆ ನೋಯುವ ಜಾಗಗಳು, ಬೆಳಗಿನ ಬಿಗಿತದ ತೀವ್ರತೆ, ಆ ಬಿಗಿತದ ಅವಧಿ ಇವಿಷ್ಟಕ್ಕೆ ರೋಗಿಗಳು ಕಳೆದ ಒಂದು ವಾರವನ್ನು ನೆನೆದು 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. ಬಿಗಿತದ ಎರಡು ಅಂಕಗಳ ಸರಾಸರಿಯನ್ನು ಮೊದಲ ನಾಲ್ಕಕ್ಕೆ ಕೂಡಿಸಿ 5ರಿಂದ ಭಾಗಿಸಿದರೆ ಬರುವುದೇ ಒಟ್ಟು ಅಂಕ. ಅದು 4 ಅಥವಾ ಹೆಚ್ಚಿದ್ದರೆ ಕಾಯಿಲೆ ಸಕ್ರಿಯವಾಗಿದೆ ಎಂದು ಲೆಕ್ಕ. ದುಬಾರಿಯಾದ ಬಯಾಲಜಿಕ್ ಔಷಧಿಗಳ ವಿಚಾರ ಬರುವುದೂ ಸಾಮಾನ್ಯವಾಗಿ ಈ ಗಡಿಯ ಆಚೆಗೇ. ಆದ್ದರಿಂದ ಇಲ್ಲಿ ಒಂದು ಪದ ತಪ್ಪಿದರೆ ಅದು ಕೇವಲ ಭಾಷೆಯ ತಪ್ಪಾಗಿ ಉಳಿಯುವುದಿಲ್ಲ.

ಅನುವಾದಕ್ಕೆ ಕೈಹಾಕುವ ಮೊದಲು ಕನ್ನಡದಲ್ಲಿ ಈಗಾಗಲೇ ಆವೃತ್ತಿಯೊಂದು ಇದೆಯೇ ಎಂದು ಹುಡುಕಿ, ಪ್ರಶ್ನಾವಳಿಯ ಹಕ್ಕು ಯಾರ ಬಳಿ ಇದೆಯೋ ಅವರಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಆಮೇಲಿನ ಹೆಜ್ಜೆಗಳನ್ನು 2000ದಲ್ಲಿ ಪ್ರಕಟವಾದ, ಇಂದಿಗೂ ಹೆಚ್ಚಿನವರು ಅನುಸರಿಸುವ ಮಾರ್ಗಸೂಚಿ ಹೇಳುತ್ತದೆ. ಕನ್ನಡ ಮಾತೃಭಾಷೆಯ ಇಬ್ಬರು ಬೇರೆಬೇರೆಯಾಗಿ ಅನುವಾದಿಸಬೇಕು. ಅವರಲ್ಲಿ ಒಬ್ಬರಿಗೆ ಕಾಯಿಲೆಯ ಪರಿಚಯವಿರಬೇಕು, ಇನ್ನೊಬ್ಬರಿಗೆ ಇರಬಾರದು. ಎರಡನ್ನೂ ಕೂಡಿಸಿ ಒಂದು ಕರಡು ಮಾಡಿದ ಮೇಲೆ, ಮೂಲವನ್ನು ನೋಡಿರದ, ಇಂಗ್ಲಿಷೇ ಮಾತೃಭಾಷೆಯಾದ ಇಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತಿರುಗಿಸಬೇಕು. ಕನ್ನಡ ಬಲ್ಲ ಅಂಥವರು ಸುಲಭಕ್ಕೆ ಸಿಗುವುದಿಲ್ಲ. ಹೊರದೇಶದ ಕನ್ನಡ ಮನೆಗಳಲ್ಲಿ ಬೆಳೆದವರನ್ನು ಕೇಳಿಕೊಳ್ಳುವುದು ಒಂದು ದಾರಿ, ಅವರ ಕನ್ನಡ ಪುಸ್ತಕದ್ದಲ್ಲ, ಅಡುಗೆಮನೆಯದು ಎಂಬುದು ಈ ಕೆಲಸದ ಮಟ್ಟಿಗೆ ಅನುಕೂಲವೇ. ಬಳಿಕ ವೈದ್ಯರು, ಭಾಷೆ ಬಲ್ಲವರು, ಅನುವಾದಕರು ಒಟ್ಟಿಗೆ ಕುಳಿತು ಪಠ್ಯವನ್ನು ತೀರ್ಮಾನಿಸಬೇಕು. ಒಬ್ಬಿಬ್ಬರು ರೋಗಿಗಳನ್ನೂ ಆ ಸಭೆಗೆ ಕರೆಯುವುದು ಒಳ್ಳೆಯದು. ಕೊನೆಗೆ 30ರಿಂದ 40 ರೋಗಿಗಳ ಮೇಲೆ ಪ್ರಯೋಗ ಮಾಡಬೇಕು.

ಮರುಅನುವಾದವನ್ನೇ ಪೂರ್ತಿ ನಂಬಿಕೊಳ್ಳುವುದು ಸರಿಯಲ್ಲ. ‘ಬೆಳಗಿನ ಪೆಡಸುತನ’ ಎಂದು ಬರೆದರೆ ಅದು ಇಂಗ್ಲಿಷಿಗೆ ಅಚ್ಚುಕಟ್ಟಾಗಿ ಮರಳುತ್ತದೆ, ಸಮಿತಿಯೂ ತಲೆದೂಗುತ್ತದೆ. ಆದರೆ ತಮ್ಮ ಬೆನ್ನನ್ನು ಪೆಡಸು ಎಂದು ವರ್ಣಿಸುವ ರೋಗಿ ಸಿಗುವುದು ಕಷ್ಟ. ಜನ ಹೇಳುವುದು ‘ಬೆನ್ನು ಹಿಡಿದುಕೊಂಡಿದೆ’, ‘ಬಿಗಿದುಕೊಂಡಿದೆ’ ಎಂದು. ‘ಮರಗಟ್ಟಿದೆ’ ಎಂಬ ಪದವೂ ಕೆಲವರಿಗೆ ಹೊಳೆಯಬಹುದು, ಆದರೆ ಅದನ್ನು ಸ್ಪರ್ಶ ತಿಳಿಯದಿರುವುದಕ್ಕೂ ಬಳಸುವುದರಿಂದ ಬಿಡುವುದೇ ಕ್ಷೇಮ.

ಆರನೆಯ ಪ್ರಶ್ನೆಯ ಮೇಲೆ ಹೆಚ್ಚು ಹೊತ್ತು ಕೂರಬೇಕು. ಎಚ್ಚರವಾದ ಹೊತ್ತಿನಿಂದ ಬಿಗಿತ ಎಷ್ಟು ಕಾಲ ಇರುತ್ತದೆ ಎಂಬುದು ಮೂಲದ ಪ್ರಶ್ನೆ. ಅಳತೆ ಸೊನ್ನೆಯಿಂದ ಎರಡು ತಾಸು ಅಥವಾ ಹೆಚ್ಚಿನವರೆಗೆ, ಅದಕ್ಕೆ ತಕ್ಕಂತೆ ಅಂಕ 0ಯಿಂದ 10. ಇದನ್ನು ‘ಎದ್ದ ಮೇಲೆ ಎಷ್ಟು ಗಂಟೆಯವರೆಗೆ ಬಿಗಿತ ಇರುತ್ತದೆ?’ ಎಂದು ಬರೆದರೆ ಕೇಳಲು ಸಹಜವಾಗಿಯೇ ಇದೆ, ತೊಡಕು ಎರಡಿವೆ. ಕನ್ನಡದಲ್ಲಿ ‘ಏಳುವುದು’ ಎಂದರೆ ಎಚ್ಚರವಾಗುವುದೂ ಹೌದು, ಹಾಸಿಗೆ ಬಿಡುವುದೂ ಹೌದು. ಐದೂವರೆಗೆ ಎಚ್ಚರವಾಗಿ, ಮಗ್ಗುಲು ಬದಲಿಸಲಾರದೆ ಮಲಗಿದ್ದು, ಆರಕ್ಕೆ ಎದ್ದು ಕೂರುವವರ ಲೆಕ್ಕದಲ್ಲಿ ಆ ಅರ್ಧ ತಾಸು ಕಳೆದೇ ಹೋಗುತ್ತದೆ. ಇನ್ನು ‘ಗಂಟೆ’ ಅವಧಿಯನ್ನೂ ಹೇಳುತ್ತದೆ, ಗಡಿಯಾರದ ಹೊತ್ತನ್ನೂ ಹೇಳುತ್ತದೆ. ‘ಎಂಟು ಗಂಟೆವರೆಗೂ ಇರುತ್ತೆ’ ಎಂಬ ಉತ್ತರ ಬೆಳಗಿನ ಎಂಟರವರೆಗೆ ಎಂದಿದ್ದರೂ ಎಂಟು ತಾಸು ಎಂದು ಬರೆದುಕೊಳ್ಳುವ ಸಾಧ್ಯತೆ ಇದೆ. ಒಬ್ಬ ರೋಗಿಯ ಮೊದಲ ಐದು ಅಂಕಗಳು 4, 6, 2, 3, 6 ಎಂದಿಟ್ಟುಕೊಳ್ಳೋಣ. ಬಿಗಿತ ನಿಜಕ್ಕೂ ಅರ್ಧ ತಾಸು ಇದ್ದರೆ ಆರನೆಯದು 2.5, ಒಟ್ಟು 3.85. ಅದನ್ನೇ ಎರಡು ತಾಸಿಗೂ ಮೇಲೆಂದು ಗುರುತು ಹಾಕಿದರೆ ಆರನೆಯದು 10, ಒಟ್ಟು 4.6. ದೇಹದಲ್ಲಿ ಏನೂ ಬದಲಾಗದೆ ರೋಗಿ ಗಡಿ ದಾಟಿದಂತಾಯಿತು. ಇದೇ ಪ್ರಶ್ನೆ, ಇದೇ ಕಾಯಿಲೆಯನ್ನು ಅಳೆಯುವ ಆಸ್ಡಾಸ್ ಎಂಬ ಇನ್ನೊಂದು ಸೂಚ್ಯಂಕದೊಳಗೂ ಸೇರಿರುವುದರಿಂದ ತಪ್ಪು ಅಲ್ಲಿಗೂ ಹಬ್ಬುತ್ತದೆ. ‘ಬೆಳಿಗ್ಗೆ ಎಚ್ಚರವಾದಾಗಿನಿಂದ ಮೈ ಸಡಿಲವಾಗುವ ತನಕ ಒಟ್ಟು ಎಷ್ಟು ಹೊತ್ತು ಹಿಡಿಯುತ್ತದೆ?’ ಎಂದು ಕೇಳಿ, ಅಳತೆಯ ಕೆಳಗೆ ಅರ್ಧ ತಾಸು, ಒಂದು ತಾಸು ಎಂದು ಗುರುತಿಸಿದರೆ ಗೊಂದಲ ಬಹುಪಾಲು ತಪ್ಪುತ್ತದೆ.

ಸೊಂಟದ ಮಾತೂ ಇಷ್ಟೇ ಸೂಕ್ಷ್ಮ. ಮೂಲದ ಎರಡನೆಯ ಪ್ರಶ್ನೆ ಕುತ್ತಿಗೆ, ಬೆನ್ನು ಮತ್ತು ತೊಡೆಯ ಬುಡದ ಕೀಲನ್ನು ಒಟ್ಟಿಗೆ ಹಿಡಿಯುತ್ತದೆ, ಮೂರನೆಯದು ಅವನ್ನು ಬಿಟ್ಟು ಉಳಿದ ಕೀಲುಗಳನ್ನು ಕೇಳುತ್ತದೆ. ನಮ್ಮಲ್ಲಿ ಸೊಂಟವೆಂದರೆ ಬೆನ್ನಿನ ಕೆಳಭಾಗ. ಉತ್ತರ ಕರ್ನಾಟಕದಲ್ಲಿ ಅದೇ ಟೊಂಕ ಅಥವಾ ನಡ. ಮೂಲದ ‘ಹಿಪ್’ ಎಂಬುದಕ್ಕೆ ‘ಸೊಂಟ’ ಎಂದಷ್ಟೇ ಬರೆದರೆ ತೊಡೆಯ ಬುಡದ ನೋವು ಮೂರನೆಯ ಪ್ರಶ್ನೆಗೆ ಜಾರಿಬಿಡುತ್ತದೆ. ಆದ್ದರಿಂದ ಎರಡನ್ನೂ ಬಿಡಿಸಿ ಬರೆದು, ಪಕ್ಕದಲ್ಲಿ ಮನುಷ್ಯಾಕೃತಿಯ ಚಿತ್ರವೊಂದನ್ನು ಇಟ್ಟು ಆ ಭಾಗಕ್ಕೆ ಬಣ್ಣ ತುಂಬುವುದು ಉತ್ತಮ. ‘ಉರಿಯೂತ’ ಎಂಬ ಪದ ವೈದ್ಯರ ಬರಹಕ್ಕೆ ಸರಿ, ಪ್ರಶ್ನೆಯಲ್ಲಿ ಬಂದರೆ ರೋಗಿಗಳು ಉರಿಯನ್ನು ಹುಡುಕುತ್ತಾರೆ.

ಅಂಕ ಕೊಡುವ ಕ್ರಮವನ್ನೂ ಒಗ್ಗಿಸಬೇಕು. ಶಾಲೆಯ ಅಭ್ಯಾಸದಲ್ಲಿ ಹತ್ತಕ್ಕೆ ಹತ್ತು ಎಂದರೆ ಅತ್ಯುತ್ತಮ. ಇಲ್ಲಿ ಹತ್ತು ಅತಿ ಕೆಟ್ಟ ಸ್ಥಿತಿ. ತುದಿಗಳಲ್ಲಿ ‘ಸ್ವಲ್ಪವೂ ಇಲ್ಲ’, ‘ಬಹಳ ತೀವ್ರ’ ಎಂಬ ಮಾತುಗಳು ದಪ್ಪಕ್ಷರದಲ್ಲಿ ಇರಲೇಬೇಕು. ಹಿರಿಯರು ‘ರೂಪಾಯಿಗೆ ಎಂಟಾಣೆ ಕಡಿಮೆಯಾಗಿದೆ’ ಎಂದಾಗ ಅದನ್ನು ಐದು ಎಂದು ಬರೆದುಕೊಳ್ಳುವ ಆಸೆಯಾಗುತ್ತದೆ, ಆದರೆ ಅವರು ಹೇಳುತ್ತಿರುವುದು ಮೊದಲಿಗಿಂತ ಎಷ್ಟು ಗುಣವಾಯಿತು ಎಂಬುದನ್ನು, ಈಗ ಎಷ್ಟಿದೆ ಎಂಬುದನ್ನಲ್ಲ. ‘ಹೋದ ವಾರ’ ಎಂಬುದಕ್ಕೂ ‘ಕಳೆದ ಏಳು ದಿನಗಳಲ್ಲಿ’ ಎಂಬುದು ಲೇಸು, ಏಕೆಂದರೆ ಮೊದಲನೆಯದನ್ನು ಸೋಮವಾರದಿಂದ ಭಾನುವಾರದವರೆಗಿನ ವಾರವೆಂದು ತಿಳಿಯುವವರಿದ್ದಾರೆ.

ದಿನನಿತ್ಯದ ಕೆಲಸಗಳನ್ನು ಕೇಳುವ ಪ್ರಶ್ನಾವಳಿಯಾದರೆ ಪದಗಳ ಜೊತೆಗೆ ಕೆಲಸಗಳೇ ಬದಲಾಗಬೇಕಾಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1980ರಲ್ಲಿ ರೂಪುಗೊಂಡ, ಸಂಧಿವಾತದವರ ಕಷ್ಟ ಅಳೆಯುವ ಪಟ್ಟಿಯಲ್ಲಿ ಮಾಂಸ ಕತ್ತರಿಸುವುದು, ಸ್ನಾನದ ತೊಟ್ಟಿಯಲ್ಲಿ ಮೀಯುವುದು ಇವೆ. 2002ರಲ್ಲಿ ಪ್ರಕಟವಾದ ಅದರ ಭಾರತೀಯ ಆವೃತ್ತಿಯಲ್ಲಿ ಕುಕ್ಕರಗಾಲಿನಲ್ಲಿ ಅಥವಾ ಚಕ್ಕಳಮಕ್ಕಳ ಹಾಕಿ ಕೂರುವುದು, ಆಟೋ ಹತ್ತಿಳಿಯುವುದು ಬಂದವು. ಇಂಥಲ್ಲಿ ‘ಮಾಡುತ್ತೀರಾ?’ ಎನ್ನದೆ ‘ಮಾಡಲು ಆಗುತ್ತದೆಯೇ?’ ಎನ್ನಬೇಕು, ಇಲ್ಲವಾದರೆ ‘ಅದನ್ನು ಸೊಸೆ ಮಾಡುತ್ತಾಳೆ’ ಎಂಬ ಉತ್ತರ ಬರುತ್ತದೆ.

ಪ್ರಯೋಗದ ಹಂತದಲ್ಲಿ ‘ಅರ್ಥವಾಯಿತೇ?’ ಎಂದು ಕೇಳಿ ಪ್ರಯೋಜನವಿಲ್ಲ, ‘ಆಯ್ತು ಸಾರ್’ ಎನ್ನದವರು ವಿರಳ. ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ತಿರುಗಿ ಹೇಳಲು, ಆ ಅಂಕವನ್ನೇ ಏಕೆ ಕೊಟ್ಟರೆಂದು ವಿವರಿಸಲು ಕೇಳಬೇಕು. ಓದಲು ಬಾರದವರಿಗೆ ಓದಿ ಹೇಳಿದ್ದರೆ ಅದನ್ನು ಹಾಳೆಯಲ್ಲೇ ನಮೂದಿಸಬೇಕು, ಜೊತೆಗೆ ಬಂದ ಮನೆಯವರು ಉತ್ತರ ಕೊಡದಂತೆ ಮೊದಲೇ ವಿನಂತಿಸಬೇಕು. ಅನಂತರ ಕಾಯಿಲೆ ಸ್ಥಿರವಾಗಿರುವವರಿಗೆ ಕೆಲವು ದಿನ ಬಿಟ್ಟು ಮತ್ತೊಮ್ಮೆ ಕೊಟ್ಟು ಅಂಕಗಳು ಹೊಂದುತ್ತವೆಯೇ ಎಂದು ನೋಡುವುದು ಸಂಖ್ಯಾಶಾಸ್ತ್ರ ಬಲ್ಲವರ ಜೊತೆ ಮಾಡಬೇಕಾದ ಕೆಲಸ.

ಪಠ್ಯ ಅಂತಿಮವಾದ ಮೇಲೆ ಹಾಳೆಯ ಮೂಲೆಯಲ್ಲಿ ಆವೃತ್ತಿಯ ಸಂಖ್ಯೆ ಮತ್ತು ದಿನಾಂಕ ಇರಲಿ. ಅಂಕಗಳ ಬದಲು ರೋಗಿ ಗುರುತು ಹಾಕುವ ಹತ್ತು ಸೆಂಟಿಮೀಟರಿನ ಗೆರೆಯನ್ನೇ ಬಳಸುವುದಾದರೆ, ಜೆರಾಕ್ಸ್ ಮಾಡಿಸಿದ ಪ್ರತಿ ಕಂತಿನಿಂದಲೂ ಒಂದು ಹಾಳೆ ತೆಗೆದು ಸ್ಕೇಲಿನಿಂದ ಅಳೆಯಬೇಕು, ಏಕೆಂದರೆ ಯಂತ್ರ ಪುಟವನ್ನು ಕುಗ್ಗಿಸಿದರೆ ಹತ್ತರ ಗೆರೆ ಒಂಬತ್ತೂವರೆಗೆ ನಿಲ್ಲುತ್ತದೆ.