ಅಮೆರಿಕದ ಮೆಕ್ಕೆಜೋಳದ ಬೇರುಹುಳಕ್ಕೆ ಔಷಧಿ ಟ್ರಯಲ್ ಹಾಕೋದು ಹೇಗೆ

ಇಲಿನಾಯ್, ಅಯೋವಾ ಕಡೆ ರಿಸರ್ಚ್‌ಗೆ ಬಂದು ಮೊದಲ ಸಲ ಈ ಟ್ರಯಲ್ ಹಾಕೋರಿಗೆ ಇದು. ನಮ್ಮ ದಾವಣಗೆರೆ, ಹಾವೇರಿ ಕಡೆ ಈ ಹುಳ ಇಲ್ಲ, ಅಲ್ಲಿ ಸೈನಿಕ ಹುಳದ್ದು ಕಾಟ, ಅದು ಸುಳಿಯಲ್ಲಿ ಕಣ್ಣಿಗಾದ್ರೂ ಬೀಳತ್ತೆ. ಇದು ಮಣ್ಣೊಳಗೆ ಬೇರು ತಿಂತಿದ್ರೂ ಗಿಡ ಮೇಲೆ ಹಸಿರಾಗೇ ನಿಂತಿರತ್ತೆ, ಆಮೇಲೆ ಒಂದು ಗಾಳಿ ಮಳೆಗೆ ಸಾಲಿಗೆ ಸಾಲೇ ಮಲಗಿಬಿಡತ್ತೆ.

ಮೊದಲು ಹುಳ ಇರೋ ಹೊಲ ಹುಡುಕಿ. ಈ ಹುಳ ಬೆಳೆದು ಆಗೋ ದುಂಬಿ ಬೇಸಿಗೆ ಕೊನೇಲಿ ಮೆಕ್ಕೆಜೋಳದ ಹೊಲದ ಮಣ್ಣಲ್ಲಿ ಮೊಟ್ಟೆ ಇಡತ್ತೆ, ಅದು ಮರಿ ಆಗೋದು ಮುಂದಿನ ವರ್ಷ ಮೇ ಕೊನೆ, ಜೂನ್ ಹೊತ್ತಿಗೆ, ಅಂದ್ರೆ ಜೋಳದ ಮೇಲೆ ಜೋಳ ಹಾಕಿದ ಹೊಲ ಬೇಕು. ಕೆಲವರು ಹಿಂದಿನ ವರ್ಷ ಬೇಕಂತಲೇ ಲೇಟಾಗಿ ಜೋಳ ಬಿತ್ತಿ ಜೊತೆಗೆ ಕುಂಬಳಾನೂ ಹಾಕ್ತಾರೆ, ಬೇರೆ ಕಡೆ ಪರಾಗ ಮುಗಿದ ಮೇಲೆ ಸುತ್ತಲಿನ ದುಂಬಿಯೆಲ್ಲ ಇಲ್ಲಿಗೇ ಊಟಕ್ಕೆ ಬರತ್ತೆ 😄

ಬೀಜ ಎಲ್ಲಾ ಪ್ಲಾಟ್‌ಗೂ ಒಂದೇ ಇರ್ಲಿ, ಬೇರುಹುಳ ಕೊಲ್ಲೋ ಬಿಟಿ ಗುಣ ಇಲ್ಲದ್ದು. 4 ಸಾಲಿನ ಪ್ಲಾಟ್, 4 ಬ್ಲಾಕ್ (ಎಲ್ಲಾ ಔಷಧಿನೂ ಒಂದೊಂದು ಸಲ ಬರೋ ಪ್ಲಾಟ್‌ಗಳ ಗುಂಪು), ಯಾವ ಔಷಧಿ ಎಲ್ಲಿ ಅಂತ ಪ್ರತಿ ಬ್ಲಾಕಲ್ಲೂ ಚೀಟಿ ಎತ್ತಿ ಹಾಕಿ. ಔಷಧಿ ಹಾಕದ ಪ್ಲಾಟ್ ಪ್ರತಿ ಬ್ಲಾಕಲ್ಲೂ ಇರ್ಲೇಬೇಕು, ಜಾಗ ಉಳಿಸೋಕೆ ಅದನ್ನ ಬಿಟ್ರೆ ಟ್ರಯಲ್ಲೇ ದಂಡ.

ಟೆಫ್ಲುಥ್ರಿನ್ ಹರಳು, ಬೈಫೆಂಥ್ರಿನ್ ದ್ರವ ಇವೆಲ್ಲ ಬಿತ್ತುವಾಗಲೇ ಸಾಲಿಗೆ ಬೀಳತ್ತೆ. ಡೋಸ್ ಲೇಬಲ್‌ನಲ್ಲಿ 1000 ಅಡಿ ಸಾಲಿಗೆ ಇಷ್ಟು ಅಂತ ಇರತ್ತೆ, ಅದಕ್ಕೆ ಬಿತ್ತೋಕೆ ಮುಂಚೆ ಬಿತ್ತೋ ಮಷಿನ್‌ನಲ್ಲಿ ಔಷಧಿ ಬೀಳೋ ಪೈಪಿಗೆ ಚೀಲ ಕಟ್ಟಿ ಸ್ವಲ್ಪ ದೂರ ಓಡಿಸಿ ತೂಕ ಹಾಕಿ, ನಾಲ್ಕೂ ಪೈಪಿಂದು ಬೇರೆ ಬೇರೆಯಾಗಿ. ಗ್ಲೌಸ್ ಹಾಕೊಳ್ಳಿ, ಆ ಕೈಲಿ ಮುಖ ಮುಟ್ಟಿದ್ರೆ ಚುರುಚುರು ಅನ್ನತ್ತೆ.

ಜುಲೈ ಮಧ್ಯದಲ್ಲಿ, ಹುಳ ತಿಂದು ಮುಗಿಸಿದ ಮೇಲೆ, ಹೊಸ ಬೇರು ಮುಚ್ಚಿಕೊಳ್ಳೋ ಮುಂಚೆ, ಪ್ಲಾಟಿಗೆ 5 ಗಿಡದ ಬೇರು ಅಗೀರಿ. ಅಂಚಿನ ಸಾಲಲ್ಲಿ ಅಗೀರಿ, ಮಧ್ಯದ ಎರಡು ಸಾಲು ಇಳುವರಿಗೆ ಇರ್ಲಿ. ರಾತ್ರಿ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ಪ್ರೆಶರ್ ಪೈಪಲ್ಲಿ ತೊಳೀರಿ, ಟ್ಯಾಗ್ ಮೇಲೆ ಬರೀ ನಂಬರ್ ಇರ್ಲಿ, ಔಷಧಿ ಹೆಸರು ಕಂಡ್ರೆ ಕಣ್ಣು ಮೋಸ ಮಾಡತ್ತೆ.

ಬೇರು ಎಷ್ಟು ಹಾಳಾಗಿದೆ ಅನ್ನೋಕೆ ಅಯೋವಾ ಸ್ಟೇಟ್ ಯೂನಿವರ್ಸಿಟಿಯವರ 0 ಇಂದ 3ರ ಅಳತೆ ಇದೆ. ಬುಡದಿಂದ ಸುಮಾರು 4 ಸೆಂಮೀ ಒಳಗೆ ತುಂಡಾಗಿರೋ ಬೇರನ್ನೇ ಲೆಕ್ಕ ಹಿಡೀಬೇಕು, ಒಂದು ಸುತ್ತು (ಕಾಂಡದ ಒಂದು ಗಿಣ್ಣಿನ ಸುತ್ತ ಬರೋ ಬೇರುಗಳು) ಪೂರ್ತಿ ಹೋಗಿದ್ರೆ 1, ಕಾಲು ಸುತ್ತಾದ್ರೆ 0.25, ಮೂರು ಸುತ್ತಾದ್ರೆ 3. ಔಷಧಿ ಇಲ್ಲದ ಪ್ಲಾಟಲ್ಲೇ 0.1, 0.2 ಬಂದ್ರೆ ಆ ವರ್ಷ ಯಾವ ಔಷಧಿಗೂ ರ‍್ಯಾಂಕ್ ಕೊಡೋಕೆ ಹೋಗ್ಬೇಡಿ, ಅಲ್ಲಿ ಹುಳಾನೇ ಇರ್ಲಿಲ್ಲ.